ಥಿಯೋಡರ್ ಮೆರಾನ್ ನಡೆದ ದಾರಿ: ಯುದ್ಧ ಕಾನೂನಿನ ವಿದ್ವಾಂಸರು ಮಾಡುವ ಕೆಲಸ ಏನು, ಇಲ್ಲಿಂದ ಅಲ್ಲಿಗೆ ತಲುಪೋದು ಹೇಗೆ?

ಹುಬ್ಬಳ್ಳಿ_ಲಾ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಐದು ವರ್ಷದ ಎಲ್‌ಎಲ್‌ಬಿಯಲ್ಲಿ ನಾಲ್ಕನೇ ವರ್ಷ ಓದ್ತಿದ್ದೇನೆ. ಅಂತಾರಾಷ್ಟ್ರೀಯ ಕಾನೂನು ನಮಗೆ ಒಂದೇ ಪೇಪರ್, ಅದರಲ್ಲಿ ಯುದ್ಧ ಕಾನೂನಿಗೆ ಸಿಗೋದು ಕೊನೆಯಲ್ಲಿ ಒಂದಿಷ್ಟು ಜಾಗ. ಜಿನೀವಾ ಒಪ್ಪಂದಗಳು ನಾಲ್ಕು, ನಾಲ್ಕರಲ್ಲೂ ಒಂದೇ ಆಗಿರೋ, ಅಂತರ್ಯುದ್ಧಕ್ಕೆ ಅನ್ವಯಿಸೋ ಸಾಮಾನ್ಯ 3ನೇ ವಿಧಿ ಹೀಗಿದೆ, ಅಲ್ಲಿಗೆ ಪಾಠ ಮುಗೀತು.

ನಾನಾಗಿ ಓದ್ತಾ ಹೋದಾಗ ಮತ್ತೆ ಮತ್ತೆ ಎದುರಾಗ್ತಿರೋ ಹೆಸರು ಥಿಯೋಡರ್ ಮೆರಾನ್. ಒಂದು ಕಡೆ ಇಸ್ರೇಲ್ ವಿದೇಶಾಂಗ ಸಚಿವಾಲಯದ ಕಾನೂನು ಸಲಹೆಗಾರ, ಇನ್ನೊಂದು ಕಡೆ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪ್ರೊಫೆಸರ್, ಆಮೇಲೆ 1990ರ ದಶಕದ ಯುಗೊಸ್ಲಾವಿಯಾ ಯುದ್ಧಗಳ ಅಪರಾಧ ವಿಚಾರಣೆಗೆ ವಿಶ್ವಸಂಸ್ಥೆ ಸ್ಥಾಪಿಸಿದ ಯುಗೊಸ್ಲಾವಿಯಾ ನ್ಯಾಯಮಂಡಳಿಯ ಅಧ್ಯಕ್ಷ. 2024ರ ಮೇ ತಿಂಗಳಲ್ಲಿ ಐಸಿಸಿ (ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯ) ಪ್ರಾಸಿಕ್ಯೂಟರ್ ಗಾಜಾ ವಿಷಯದಲ್ಲಿ ವಾರಂಟ್ ಕೇಳಿದಾಗ ಸಲಹೆ ಕೊಟ್ಟ ತಜ್ಞರ ಪಟ್ಟಿಯಲ್ಲೂ ಅವರಿದ್ದರು.

ತಿಳಿದವರು ಇಷ್ಟು ಹೇಳಿ. ಇಂಥ ವಿದ್ವಾಂಸರು ಕೂತು ಮಾಡೋ ಕೆಲಸ ಯಾವ ತರಹದ್ದು? ಒಬ್ಬರು ಬರೆದ ಲೇಖನ ಕೋರ್ಟಿನಲ್ಲಿ ನಿಲ್ಲೋ ಕಾನೂನಾಗೋದು ಹೇಗೆ? ಕರ್ನಾಟಕದಲ್ಲಿ ಓದಿದ ಒಬ್ಬರು ಈ ಕ್ಷೇತ್ರಕ್ಕೆ ಹೋಗಬೇಕಂದ್ರೆ ಯಾವ ಪರೀಕ್ಷೆ, ಯಾವ ಡಿಗ್ರಿ, ಎಷ್ಟು ವರ್ಷ, ಎಲ್ಲಿ ಸಿಕ್ಕಿಹಾಕಿಕೊಳ್ತಾರೆ? ಹುರಿದುಂಬಿಸೋ ಮಾತಿಗಿಂತ ವಿವರ ಕೊಟ್ಟರೆ ಉಪಕಾರ ಆಗುತ್ತೆ.

ದಾಖಲೆ_ಕಪಾಟು

ಮೊದಲ ಎರಡು ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಮೆರಾನ್ ಹುಟ್ಟಿದ್ದು 1930ರಲ್ಲಿ, ಪೋಲೆಂಡಿನ ಕಾಲಿಶ್‌ನಲ್ಲಿ. ಒಂಬತ್ತನೇ ವಯಸ್ಸಿಗೆ ಯುದ್ಧ ಶುರುವಾಯಿತು. ಶಾಲೆ ನಿಂತಿತು, ನಾತ್ಸಿಗಳ ಕೂಲಿ ಶಿಬಿರದಲ್ಲಿ ದಿನ ಕಳೆಯಬೇಕಾಯಿತು, ಕುಟುಂಬದ ಬಹುಪಾಲು ಮಂದಿ ಉಳಿಯಲಿಲ್ಲ. 1945ರಲ್ಲಿ ಪ್ಯಾಲೆಸ್ಟೈನ್ ಸೇರಿದರು. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯ, ನಂತರ ಹಾರ್ವರ್ಡ್‌ನಲ್ಲಿ ಎಲ್‌ಎಲ್‌ಎಂ ಮತ್ತು ಡಾಕ್ಟರೇಟ್, ಕೇಂಬ್ರಿಜ್‌ನಲ್ಲಿ ಡಿಪ್ಲೊಮಾ. ಇಷ್ಟೂ 1950ರ ದಶಕದಲ್ಲೇ ಮುಗಿಯಿತು. ಅಲ್ಲಿಂದ ನೇರ ಇಸ್ರೇಲಿನ ಸರ್ಕಾರಿ ಕೆಲಸ.

ಅವರ ಕೆಲಸದ ರೀತಿ ಅರ್ಥವಾಗಬೇಕಾದರೆ 1967ರ ಸೆಪ್ಟೆಂಬರ್ 18ರ ಟಿಪ್ಪಣಿಯನ್ನು ಓದಬೇಕು. ಆರು ದಿನಗಳ ಯುದ್ಧ ಮುಗಿದು ಮೂರು ತಿಂಗಳಾಗಿತ್ತು. ವಶಪಡಿಸಿಕೊಂಡ ಪ್ರದೇಶದಲ್ಲಿ ಇಸ್ರೇಲಿ ನಾಗರಿಕರನ್ನು ನೆಲೆಗೊಳಿಸಬಹುದೇ ಎಂದು ಪ್ರಧಾನಿ ಕಚೇರಿ ಕೇಳಿತ್ತು. ಮೆರಾನ್ ಕೊಟ್ಟ ಉತ್ತರ: ಕೂಡದು, ಅದು ನಾಲ್ಕನೇ ಜಿನೀವಾ ಒಪ್ಪಂದದ ಸ್ಪಷ್ಟ ನಿಬಂಧನೆಗೆ ವಿರುದ್ಧ. ಆಧಾರ 49ನೇ ವಿಧಿಯ ಆರನೇ ಪ್ಯಾರಾ. ಆಕ್ರಮಿಸಿದ ರಾಷ್ಟ್ರ ತನ್ನ ನಾಗರಿಕರ ಯಾವ ಭಾಗವನ್ನೂ ಆಕ್ರಮಿತ ಪ್ರದೇಶಕ್ಕೆ ಸಾಗಿಸಬಾರದು ಎಂದು ಅದು ಹೇಳುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಎದುರುವಾದವನ್ನು ಅವರು ನಿಭಾಯಿಸಿದ ರೀತಿ. ಪಶ್ಚಿಮ ದಂಡೆ ಮಾಮೂಲಿ ಅರ್ಥದ ಆಕ್ರಮಿತ ಪ್ರದೇಶವಲ್ಲ, ಜೋರ್ಡಾನಿಗೂ ಅಲ್ಲಿ ಸರಿಯಾದ ಹಕ್ಕಿರಲಿಲ್ಲ ಎಂಬ ವಾದ ಆಗಲೇ ಚಾಲ್ತಿಯಲ್ಲಿತ್ತು. ಬೇರೆ ದೇಶಗಳು ಇದನ್ನು ಒಪ್ಪಿಲ್ಲ ಎಂದು ಮೊದಲು ತೋರಿಸಿದರು. ಅಷ್ಟಕ್ಕೇ ಬಿಡಲಿಲ್ಲ. 1967ರ ಜೂನ್ 7ರಂದು ಪಶ್ಚಿಮ ದಂಡೆಯ ಸೇನಾ ಕಮಾಂಡರ್ ಹೊರಡಿಸಿದ ಆದೇಶವನ್ನು ಮುಂದಿಟ್ಟರು. ಸೇನಾ ನ್ಯಾಯಾಲಯಗಳು ಜಿನೀವಾ ಒಪ್ಪಂದದ ನಿಬಂಧನೆಗಳನ್ನು ಪಾಲಿಸಬೇಕು ಎಂದು ಅದರಲ್ಲೇ ಬರೆದಿತ್ತು. ನಿಮ್ಮ ಕಮಾಂಡರೇ ಒಪ್ಪಂದ ಅನ್ವಯಿಸುತ್ತದೆ ಎಂದು ಬರೆದುಕೊಟ್ಟ ಮೇಲೆ ನೀವು ಇಲ್ಲ ಎನ್ನುವುದು ಹೇಗೆ? ಒಂದು ರಾಷ್ಟ್ರದ ನಿಲುವನ್ನು ಅದರ ಭಾಷಣದಲ್ಲಿ ಹುಡುಕುವ ಬದಲು ಆದೇಶಗಳಲ್ಲಿ, ಕೈಪಿಡಿಗಳಲ್ಲಿ, ಕಡತಗಳಲ್ಲಿ ಹುಡುಕುವುದೇ ಈ ವಿದ್ಯೆಯ ಬುಡ. ಮೂವತ್ತೇಳರ ವಯಸ್ಸಿನ ಆ ಅಧಿಕಾರಿ ಇದನ್ನು ತನ್ನದೇ ಸರ್ಕಾರದ ಎದುರು ಮಾಡಿದರು ಎಂಬುದು ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ. ಸರ್ಕಾರ ಸಲಹೆಯನ್ನು ಪಾಲಿಸಲಿಲ್ಲ. ಟಿಪ್ಪಣಿ ದಶಕಗಳ ಕಾಲ ಗುಪ್ತವಾಗಿಯೇ ಇತ್ತು. 2017ರಲ್ಲಿ, ಆ ಯುದ್ಧಕ್ಕೆ ಐವತ್ತು ತುಂಬುವ ಹೊತ್ತಿಗೆ, ಅಮೆರಿಕನ್ ಜರ್ನಲ್ ಆಫ್ ಇಂಟರ್‌ನ್ಯಾಷನಲ್ ಲಾದಲ್ಲಿ ಅವರು ಇದೇ ವಿಷಯಕ್ಕೆ ಮರಳಿ ಬಂದರು. ಅಭಿಪ್ರಾಯ ಬದಲಾಗಿರಲಿಲ್ಲ.

ರಾಯಭಾರಿಯಾಗಿ ಕೆನಡಾ, ನಂತರ ಜಿನೀವಾ. 1970ರ ದಶಕದ ಕೊನೆಗೆ ನ್ಯೂಯಾರ್ಕ್ ವಿಶ್ವವಿದ್ಯಾಲಯ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲಿ.

1986ರಲ್ಲಿ, ಅಮೆರಿಕದ ವಿರುದ್ಧ ನಿಕರಾಗುವಾ ಹೂಡಿದ್ದ ಪ್ರಕರಣದಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ (ರಾಷ್ಟ್ರಗಳ ನಡುವಿನ ವ್ಯಾಜ್ಯ ನೋಡುವ ಕೋರ್ಟು, ಐಸಿಸಿ ಅಲ್ಲ), ಜಿನೀವಾ ಒಪ್ಪಂದಗಳ ಸಾಮಾನ್ಯ 1 ಮತ್ತು 3ನೇ ವಿಧಿಗಳು ಒಪ್ಪಂದದಾಚೆಗೂ ಎಲ್ಲರನ್ನೂ ಕಟ್ಟಿಹಾಕುವ ಸಾಮಾನ್ಯ ತತ್ವಗಳು ಎಂಬ ಧಾಟಿಯಲ್ಲಿ ತೀರ್ಪು ಕೊಟ್ಟಿತು. ಮೆರಾನ್ 1987ರಲ್ಲಿ ಅದೇ ಜರ್ನಲಿನಲ್ಲಿ ಬರೆದರು. ತೀರ್ಮಾನದ ಬಗ್ಗೆ ಅವರಿಗೆ ಸಹಾನುಭೂತಿಯಿತ್ತು. ಆದರೆ ರಾಷ್ಟ್ರಗಳು ಹಾಗೆ ನಡೆದುಕೊಂಡಿದ್ದಕ್ಕೆ ಸಾಕ್ಷ್ಯವೆಲ್ಲಿ, ಕಾನೂನಿಗೆ ಬದ್ಧರಾಗಿ ನಡೆದುಕೊಂಡರು ಎನ್ನುವುದಕ್ಕೆ ಆಧಾರವೆಲ್ಲಿ ಎಂಬುದು ಅವರ ತಕರಾರು. ತನಗೆ ಇಷ್ಟವಾದ ತೀರ್ಪಿಗೂ ಸಾಕ್ಷ್ಯ ಕೇಳುವವನ ಮಾತಿಗೆ ಮುಂದೆ ಕೋರ್ಟಿನಲ್ಲಿ ಬೆಲೆ ಬರುತ್ತದೆ. 1989ರ ಅವರ ಪುಸ್ತಕ ಇದೇ ಕೆಲಸದ ವಿಸ್ತಾರ: ಮಾನವ ಹಕ್ಕು ಮತ್ತು ಮಾನವೀಯ ಕಾನೂನಿನ (ಯುದ್ಧ ಕಾನೂನಿಗೆ ಇನ್ನೊಂದು ಹೆಸರು) ಯಾವ ನಿಯಮ ರೂಢಿಗತ ಕಾನೂನಾಗಿದೆ (ರಾಷ್ಟ್ರಗಳು ಕಾನೂನೆಂದು ನಂಬಿ ನಡೆದುಕೊಂಡದ್ದರಿಂದ ಒಪ್ಪಂದಕ್ಕೆ ಸೇರದವರಿಗೂ ಅನ್ವಯಿಸುವಂಥದ್ದು), ಯಾವುದು ಇನ್ನೂ ಒಪ್ಪಂದವಾಗಿಯೇ ಉಳಿದಿದೆ ಎಂದು ಒಂದೊಂದಾಗಿ ಜರಡಿ ಹಿಡಿಯುವುದು.

1995ರಲ್ಲಿ ಇನ್ನೊಂದು ಲೇಖನ. ಆಗಿನ ಮಾಮೂಲಿ ನಂಬಿಕೆ ಏನೆಂದರೆ, ಯುದ್ಧಾಪರಾಧ ಅನ್ನೋದು ಎರಡು ರಾಷ್ಟ್ರಗಳ ನಡುವಿನ ಯುದ್ಧಕ್ಕೆ ಮಾತ್ರ ಸಂಬಂಧಿಸಿದ್ದು, ಅಂತರ್ಯುದ್ಧದಲ್ಲಿ ಸಾಮಾನ್ಯ 3ನೇ ವಿಧಿ ಮುರಿದರೆ ವ್ಯಕ್ತಿಗೆ ಅಂತಾರಾಷ್ಟ್ರೀಯ ಶಿಕ್ಷೆಯಿಲ್ಲ. ಮೆರಾನ್ ಇದನ್ನು ಒಪ್ಪಲಿಲ್ಲ. 1994ರ ನವೆಂಬರಿನಲ್ಲಿ ಭದ್ರತಾ ಮಂಡಳಿ ರುವಾಂಡಾ ನ್ಯಾಯಮಂಡಳಿಯ ಶಾಸನದಲ್ಲಿ ಇಂಥ ಉಲ್ಲಂಘನೆಗಳನ್ನು ಅಪರಾಧವೆಂದು ಸೇರಿಸಿದ್ದು ಅವರ ವಾದಕ್ಕೆ ಬಲ ಕೊಟ್ಟಿತು. ಕೆಲವೇ ತಿಂಗಳಲ್ಲಿ, 1995ರ ಅಕ್ಟೋಬರ್ 2ರಂದು, ಯುಗೊಸ್ಲಾವಿಯಾ ನ್ಯಾಯಮಂಡಳಿಯ, ಆಂಟೋನಿಯೊ ಕಸ್ಸೆಸೆ ಅಧ್ಯಕ್ಷತೆಯ ಮೇಲ್ಮನವಿ ಪೀಠ ತಾಡಿಚ್ ಪ್ರಕರಣದಲ್ಲಿ ಇದೇ ದಿಕ್ಕಿನಲ್ಲಿ ತೀರ್ಪು ಕೊಟ್ಟಿತು. ಐಸಿಸಿಯನ್ನು ಸ್ಥಾಪಿಸಿದ 1998ರ ರೋಮ್ ಶಾಸನದ 8ನೇ ವಿಧಿಯಲ್ಲಿ ಆಂತರಿಕ ಸಂಘರ್ಷದ ಅಪರಾಧಗಳ ಪಟ್ಟಿಯೇ ಬಂತು. ರೋಮ್ ಸಮ್ಮೇಳನಕ್ಕೆ ಹೋದ ಅಮೆರಿಕದ ನಿಯೋಗದಲ್ಲಿ ಮೆರಾನ್ ಇದ್ದರು.

ಹಾಗಂತ ಲೇಖನವೇ ಕಾನೂನಾಯಿತು ಎಂದುಕೊಳ್ಳಬೇಡಿ. ಅಂತಾರಾಷ್ಟ್ರೀಯ ನ್ಯಾಯಾಲಯದ ಶಾಸನದ 38ನೇ ವಿಧಿ ವಿದ್ವಾಂಸರ ಬರಹಕ್ಕೆ ಕೊಟ್ಟಿರುವುದು ಪೂರಕ ಸ್ಥಾನ ಮಾತ್ರ. ನ್ಯಾಯಾಧೀಶರಿಗೆ ಬೇಕಾದ ಸಾಕ್ಷ್ಯವನ್ನು ಮೊದಲೇ ಒಪ್ಪವಾಗಿ ಜೋಡಿಸಿಟ್ಟವರ ಬರಹ ಬಳಕೆಯಾಗುತ್ತದೆ, ಬರೀ ಅಭಿಪ್ರಾಯ ಬರೆದವರದ್ದು ಆಗುವುದಿಲ್ಲ.

ಕೆಸೆಟ್_ನೆಟ್_ಜೆಆರ್‌ಎಫ್

ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ಮೂರನೇ ಪ್ರಶ್ನೆ ನನ್ನ ಪಾಲಿಗಿರಲಿ.

ಈಗ ಮಾಡಬೇಕಾದ್ದು ಓದು. ನಾಲ್ಕು ಜಿನೀವಾ ಒಪ್ಪಂದಗಳಲ್ಲಿ ಕ್ರಮವಾಗಿ 64, 63, 143, 159 ವಿಧಿಗಳಿವೆ. ಒಟ್ಟು 429. ದಿನಕ್ಕೆ ಹತ್ತು ಓದಿದರೆ ಒಂದೂವರೆ ತಿಂಗಳೊಳಗೆ ಮುಗಿಯುತ್ತೆ. ಮೊದಲ ಎರಡರಲ್ಲಿ ಬಹಳಷ್ಟು ಒಂದೇ ಥರ ಇರೋದ್ರಿಂದ ಇನ್ನೂ ಬೇಗ. ಆಮೇಲೆ 1977ರ ಹೆಚ್ಚುವರಿ ಪ್ರೋಟೋಕಾಲ್‌ಗಳು, 102 ಮತ್ತು 28 ವಿಧಿ. 1907ರ ಹೇಗ್ ನಿಯಮಾವಳಿ 56 ವಿಧಿ. ಇದನ್ನೆಲ್ಲ ಗೈಡ್ ಪುಸ್ತಕದಲ್ಲಿ ಓದಬೇಡಿ, ಮೂಲ ಪಠ್ಯದಲ್ಲೇ ಓದಿ. ರೆಡ್‌ಕ್ರಾಸ್ ಅಂತಾರಾಷ್ಟ್ರೀಯ ಸಮಿತಿಯ ಜಾಲತಾಣದಲ್ಲಿ ಎಲ್ಲ ಉಚಿತ. ಜೊತೆಗೆ ವ್ಯಾಖ್ಯಾನ ತೆರೆದಿಟ್ಟುಕೊಳ್ಳಿ. ಜ್ಯಾನ್ ಪಿಕ್ಟೆ ಸಂಪಾದಿಸಿದ 1950ರ ದಶಕದ ವ್ಯಾಖ್ಯಾನ ಈಗಲೂ ಬೇಕು, ಆದರೆ ಮೊದಲ ಒಪ್ಪಂದಕ್ಕೆ 2016ರಲ್ಲಿ, ಎರಡನೆಯದಕ್ಕೆ 2017ರಲ್ಲಿ, ಮೂರನೆಯದಕ್ಕೆ 2020ರಲ್ಲಿ ಹೊಸ ವ್ಯಾಖ್ಯಾನ ಬಂದಿದೆ. ಹಳೆಯದನ್ನು ಮಾತ್ರ ಉಲ್ಲೇಖಿಸಿದ ಲೇಖನವನ್ನು ಪರಿಶೀಲಕರು ಮೊದಲ ಸುತ್ತಿನಲ್ಲೇ ವಾಪಸ್ ಕಳಿಸ್ತಾರೆ.

ಭಾರತದವರು ಮರೆಯಬಾರದ ವಿಷಯ: ನಮ್ಮ ದೇಶ ನಾಲ್ಕು ಜಿನೀವಾ ಒಪ್ಪಂದಗಳಿಗೆ ಸೇರಿದೆ, 1960ರ ಜಿನೀವಾ ಒಪ್ಪಂದಗಳ ಕಾಯ್ದೆಯೂ ಇದೆ. ಹೆಚ್ಚುವರಿ ಪ್ರೋಟೋಕಾಲ್‌ಗಳಿಗೂ ರೋಮ್ ಶಾಸನಕ್ಕೂ ಸೇರಿಲ್ಲ. ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಅತಿ ಸಾಮಾನ್ಯ ತಪ್ಪು ಇಲ್ಲೇ ಆಗೋದು. ದಾಳಿಯಿಂದ ನಾಗರಿಕರಿಗೆ ರಕ್ಷಣೆ ಕೊಡೋ ಮೊದಲ ಪ್ರೋಟೋಕಾಲಿನ 51ನೇ ವಿಧಿಯನ್ನು ಭಾರತಕ್ಕೆ ನೇರ ಅನ್ವಯಿಸಿ ಬರೀತಾರೆ. ಅದರಲ್ಲಿರೋ ನಿಯಮ ರೂಢಿಗತ ಕಾನೂನು ಕೂಡ ಹೌದು ಅಂತ ಮೊದಲು ತೋರಿಸಬೇಕು, ಆಮೇಲೇ ಮುಂದಿನ ಮಾತು.

ಡಿಗ್ರಿಗಳ ವಿಷಯ. ಎಲ್‌ಎಲ್‌ಎಂ ಇಲ್ಲದೆ ಬೋಧನೆಗೆ ದಾರಿಯಿಲ್ಲ. ರಾಷ್ಟ್ರೀಯ ಕಾನೂನು ಶಾಲೆಗಳ ಒಂದು ವರ್ಷದ ಎಲ್‌ಎಲ್‌ಎಂಗೆ ಕ್ಲ್ಯಾಟ್ ಪಿಜಿ ಬರೀಬೇಕು: 120 ಪ್ರಶ್ನೆ, 120 ನಿಮಿಷ, ತಪ್ಪಿಗೆ ಕಾಲು ಅಂಕ ಕಡಿತ. ದೆಹಲಿಯಲ್ಲಿ ಜೆಎನ್‌ಯು ಮತ್ತು ಸೌತ್ ಏಷ್ಯನ್ ಯೂನಿವರ್ಸಿಟಿ ಅಂತಾರಾಷ್ಟ್ರೀಯ ಕಾನೂನಿಗೇ ಹೆಸರಾದವು. ಬೆಂಗಳೂರಿನಲ್ಲೇ ಓದೋದಾದ್ರೆ ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್ ಇದೆ. ಯಾವುದೇ ಕಡೆ ಅರ್ಜಿ ಹಾಕೋ ಮುಂಚೆ ಆ ವರ್ಷ ಯುದ್ಧ ಕಾನೂನಿನ ಪತ್ರಿಕೆ ನಿಜಕ್ಕೂ ನಡೀತಿದೆಯಾ, ಯಾರು ಪಾಠ ಮಾಡ್ತಾರೆ ಅಂತ ವಿಚಾರಿಸಿ. ಪಟ್ಟಿಯಲ್ಲಿ ಹೆಸರಿದ್ದು ತರಗತಿಯೇ ನಡೆಯದ ಐಚ್ಛಿಕ ವಿಷಯಗಳು ಬೇಕಾದಷ್ಟಿವೆ.

ನೆಟ್ (ಸಹಾಯಕ ಪ್ರಾಧ್ಯಾಪಕ ಹುದ್ದೆ ಮತ್ತು ಫೆಲೋಶಿಪ್‌ಗೆ ಇರೋ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆಯೋವಾಗ ನಿಮಗೊಂದು ಅನುಕೂಲ ಇದೆ. ಕಾನೂನು ವಿಷಯದ ಪಠ್ಯಕ್ರಮದ ಹತ್ತು ಘಟಕಗಳಲ್ಲಿ ಮೂರನೆಯದು ಅಂತಾರಾಷ್ಟ್ರೀಯ ಕಾನೂನು ಮತ್ತು ಮಾನವೀಯ ಕಾನೂನಿಗೇ ಮೀಸಲು. ಮೊದಲ ಪತ್ರಿಕೆ 50 ಪ್ರಶ್ನೆ, ಎರಡನೆಯದು 100, ಒಟ್ಟು ಮೂರು ಗಂಟೆ, ನೆಗೆಟಿವ್ ಮಾರ್ಕಿಂಗ್ ಇಲ್ಲ. ಕೆಸೆಟ್ (ಕರ್ನಾಟಕದ ಅರ್ಹತಾ ಪರೀಕ್ಷೆ) ಪಾಸಾದರೆ ರಾಜ್ಯದೊಳಗೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ ಬರುತ್ತೆ, ಆದ್ರೆ ಅದರಲ್ಲಿ ಫೆಲೋಶಿಪ್ ಇಲ್ಲ. ಪಿಎಚ್‌ಡಿಗೆ ಹಣ ಬೇಕಂದ್ರೆ ನೆಟ್‌ನಿಂದ ಸಿಗೋ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಬೇಕೇ ಬೇಕು. 2023ರಿಂದ ತಿಂಗಳಿಗೆ 37,000 ರೂಪಾಯಿ, ಸೀನಿಯರ್ ಆದಮೇಲೆ 42,000. ಸಾಮಾನ್ಯ ವಯೋಮಿತಿ 30, ಎಲ್‌ಎಲ್‌ಎಂ ಆದವರಿಗೆ ಮೂರು ವರ್ಷ ಸಡಿಲಿಕೆ. ಈ ಸಡಿಲಿಕೆ ಗೊತ್ತಿಲ್ಲದೆ ಅರ್ಜಿನೇ ಹಾಕದವರು ಇದ್ದಾರೆ, ಅದಕ್ಕೇ ಹೇಳಿದೆ.

ಹೊರದೇಶ ಅಂದ್ರೆ ಜಿನೀವಾ ಅಕಾಡೆಮಿ (ಇದೇ ವಿಷಯಕ್ಕೆ ಒಂದು ವರ್ಷದ ಎಲ್‌ಎಲ್‌ಎಂ), ಲೈಡನ್, ಎಸ್ಸೆಕ್ಸ್. ಸೀಟು ಸಿಗೋದಕ್ಕಿಂತ ದುಡ್ಡು ಹೊಂದಿಸೋದು ಕಷ್ಟ. ಬ್ರಿಟನ್ನಿನ ಚೀವ್ನಿಂಗ್‌ಗೆ 2,800 ಗಂಟೆಗಳ ಕೆಲಸದ ಅನುಭವ ಬೇಕು, ಅಂದಾಜು ಎರಡು ವರ್ಷ. ಫುಲ್‌ಬ್ರೈಟ್-ನೆಹರು ಮಾಸ್ಟರ್ಸ್‌ಗೆ ಮೂರು ವರ್ಷ. ಅಂದ್ರೆ ಎಲ್‌ಎಲ್‌ಬಿ ಮುಗಿಸಿ ತಕ್ಷಣ ಇವೆರಡಕ್ಕೆ ಅರ್ಜಿ ಹಾಕಿದ್ರೆ ಅರ್ಹತೆಯಲ್ಲೇ ಬಿದ್ದುಹೋಗುತ್ತೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಮತ್ತು ರಾಜ್ಯದ ಪ್ರಬುದ್ಧ ಯೋಜನೆ ಇವೆ, ಅವುಗಳ ಆದಾಯ ಮಿತಿ ಮತ್ತು ವಿಶ್ವವಿದ್ಯಾಲಯದ ರ‍್ಯಾಂಕ್ ಷರತ್ತನ್ನು ಆ ವರ್ಷದ ಅಧಿಸೂಚನೆಯಲ್ಲೇ ನೋಡಿ. ಇಡೀ ವರ್ಷ ಹೋಗೋಕೆ ಆಗಲ್ಲ ಅಂದ್ರೆ ಹೇಗ್ ಅಕಾಡೆಮಿಯ ಬೇಸಿಗೆ ತರಗತಿ ಮೂರು ವಾರದ್ದು, ಅದಕ್ಕೂ ವಿದ್ಯಾರ್ಥಿವೇತನ ಇದೆ.

ಮೂಟ್ (ಅಣಕು ನ್ಯಾಯಾಲಯ ಸ್ಪರ್ಧೆ) ಬಗ್ಗೆ: ಈ ಕ್ಷೇತ್ರಕ್ಕೆ ಹೆಚ್ಚು ಉಪಯೋಗ ಆಗೋದು ಜ್ಯಾನ್ ಪಿಕ್ಟೆ ಸ್ಪರ್ಧೆ ಮತ್ತು ದೆಹಲಿಯ ಹೆನ್ರಿ ಡ್ಯೂನಾ ಸ್ಮಾರಕ ಮೂಟ್. ಪಿಕ್ಟೆಯಲ್ಲಿ ಮೂವರ ತಂಡ, ವಾದಪತ್ರ ಬರೆಯೋದಕ್ಕಿಂತ ಪಾತ್ರ ವಹಿಸೋದು ಜಾಸ್ತಿ. ಒಂದು ಸುತ್ತಿನಲ್ಲಿ ಸೇನೆಯ ಸಲಹೆಗಾರರಾದ್ರೆ ಇನ್ನೊಂದರಲ್ಲಿ ರೆಡ್‌ಕ್ರಾಸ್ ಪ್ರತಿನಿಧಿ.

ಉದ್ಯೋಗದ ವಿಷಯದಲ್ಲಿ ಒಂದು ಮಾತು ನೇರವಾಗಿ ಹೇಳಿಬಿಡ್ತೀನಿ. ಐಸಿಸಿ ಕಾಯಂ ಹುದ್ದೆಗಳಿಗೆ ಸದಸ್ಯ ರಾಷ್ಟ್ರದವರಿಗೆ ಆದ್ಯತೆ. ಭಾರತ ಸದಸ್ಯ ಅಲ್ಲದ ಕಾರಣ ನಮ್ಮವರಿಗೆ ಆ ಬಾಗಿಲು ಕಿರಿದು. ವಿಶ್ವಸಂಸ್ಥೆಯ ವೃತ್ತಿಪರ ಶ್ರೇಣಿಯ ಪಿ-2 ಹುದ್ದೆಗೆ ಸ್ನಾತಕೋತ್ತರ ಪದವಿ ಜೊತೆ ಎರಡು ವರ್ಷ, ಪಿ-3ಕ್ಕೆ ಐದು ವರ್ಷ ಅನುಭವ ಕೇಳ್ತಾರೆ. ಫ್ರೆಂಚ್ ಬಂದರೆ ಎಲ್ಲ ಕಡೆ ತೂಕ ಹೆಚ್ಚುತ್ತೆ. ಬೆಂಗಳೂರಿನ ಅಲಿಯಾನ್ಸ್ ಫ್ರಾಂಸೇಸ್‌ನಲ್ಲಿ ಈಗಲೇ ಶುರು ಮಾಡಿ. ಬಿ2 (ಮೇಲ್ಮಧ್ಯಮ) ಮಟ್ಟಕ್ಕೆ ಬರೋಕೆ ಸಮಯ ಹಿಡಿಯುತ್ತೆ, ಪಿಎಚ್‌ಡಿ ಶುರುವಾದ ಮೇಲೆ ಅದಕ್ಕೆ ಬಿಡುವು ಸಿಗಲ್ಲ.

ಮಲ್ನಾಡ್_ವಕೀಲ

ಮೆರಾನ್ ಬಗ್ಗೆ ಬರೆಯುವಾಗ 2012-13ರ ತೀರ್ಪುಗಳನ್ನು ಬಿಟ್ಟರೆ ಚಿತ್ರ ಅರ್ಧವಾಗುತ್ತದೆ. ಅವರ ಮೇಲಿನ ಅತಿ ಗಂಭೀರ ಟೀಕೆಗಳು ಬಂದದ್ದು ಅವುಗಳಿಂದಲೇ.

ಯುಗೊಸ್ಲಾವಿಯಾ ನ್ಯಾಯಮಂಡಳಿಯ ಗೊತೊವಿನಾ ಪ್ರಕರಣ ನೋಡಿ. 1995ರ ಆಗಸ್ಟಿನಲ್ಲಿ ಕ್ರೊಯೇಷಿಯಾದ ಸೇನೆ ಆಪರೇಷನ್ ಸ್ಟಾರ್ಮ್ ನಡೆಸಿ ಕ್ನಿನ್, ಬೆಂಕೊವಾಟ್ಸ್, ಒಬ್ರೊವಾಟ್ಸ್, ಗ್ರಾಚಾಟ್ಸ್ ಪಟ್ಟಣಗಳ ಮೇಲೆ ಫಿರಂಗಿ ದಾಳಿ ಮಾಡಿತು. 2011ರ ಏಪ್ರಿಲಿನಲ್ಲಿ ವಿಚಾರಣಾ ಪೀಠ ಜನರಲ್ ಗೊತೊವಿನಾಗೆ 24 ವರ್ಷ, ವಿಶೇಷ ಪೊಲೀಸ್ ಪಡೆಯ ಮುಖ್ಯಸ್ಥ ಮಾರ್ಕಾಚ್‌ಗೆ 18 ವರ್ಷ ಶಿಕ್ಷೆ ಕೊಟ್ಟಿತು. ದಾಳಿ ಕಾನೂನುಬಾಹಿರ ಎನ್ನಲು ಅದು ಬಳಸಿದ ಅಳತೆಗೋಲು: ಗುರುತಿಸಿದ ಸೇನಾ ಗುರಿಯಿಂದ 200 ಮೀಟರ್ ಒಳಗೆ ಬಿದ್ದ ಶೆಲ್ಲು ಆ ಗುರಿಗೇ ಹಾರಿಸಿದ್ದು, ಅದರಾಚೆ ಬಿದ್ದದ್ದು ನಾಗರಿಕ ಪ್ರದೇಶಕ್ಕೆ ಹಾರಿಸಿದ್ದು.

2012ರ ನವೆಂಬರ್ 16ರಂದು ಮೆರಾನ್ ಅಧ್ಯಕ್ಷತೆಯ ಮೇಲ್ಮನವಿ ಪೀಠ ಇಬ್ಬರನ್ನೂ ಬಿಡುಗಡೆ ಮಾಡಿತು. ಜನ ಗಮನಿಸದ ಸಂಗತಿಯೊಂದಿದೆ. 200 ಮೀಟರ್ ಅಂಕಿಗೆ ಆಧಾರವಿಲ್ಲ ಎಂಬಲ್ಲಿ ಐವರೂ ಒಮ್ಮತದಲ್ಲಿದ್ದರು. ಆಯುಧ ಯಾವುದು, ಎಷ್ಟು ದೂರದಿಂದ ಹಾರಿಸಿದ್ದು, ಗಾಳಿ, ಉಷ್ಣಾಂಶ, ಇವೆಲ್ಲದರ ಮೇಲೆ ಶೆಲ್ಲಿನ ನಿಖರತೆ ನಿಂತಿರುತ್ತದೆ. ಎಲ್ಲ ಆಯುಧಕ್ಕೂ ಎಲ್ಲ ಪಟ್ಟಣಕ್ಕೂ ಒಂದೇ ಅಂಕಿ ಹಾಕಿದ್ದಕ್ಕೆ ಯಾವ ತಜ್ಞ ಸಾಕ್ಷಿಯ ಹೇಳಿಕೆಯೂ ಇರಲಿಲ್ಲ. ಪೀಠ ಒಡೆದದ್ದು ಮುಂದಿನ ಹೆಜ್ಜೆಯಲ್ಲಿ, 3-2ರಲ್ಲಿ. ಅಂಕಿ ಬಿದ್ದ ಮೇಲೆ ಉಳಿದ ಸಾಕ್ಷ್ಯದಿಂದ ಅಪರಾಧ ಸಾಬೀತಾಗುವುದಿಲ್ಲ ಎಂದಿತು ಬಹುಮತ. ನ್ಯಾಯಾಧೀಶರಾದ ಅಜಿಯಸ್ ಮತ್ತು ಪೊಕಾರ್ ಕಟುವಾದ ಭಿನ್ನ ತೀರ್ಪು ಬರೆದರು. ತಪ್ಪು ಅಳತೆಗೋಲನ್ನು ತೆಗೆದಮೇಲೆ ಸರಿಯಾದದ್ದು ಯಾವುದೆಂದು ಹೇಳಿ, ಅದರಲ್ಲಿ ಸಾಕ್ಷ್ಯವನ್ನು ಮತ್ತೆ ಅಳೆಯಬೇಕಿತ್ತು ಎಂಬುದು ಟೀಕಾಕಾರರ ಮಾತು. ನನಗೂ ಇದು ಸರಿಯಾದ ಟೀಕೆ ಅನಿಸುತ್ತದೆ.

ಮೂರೇ ತಿಂಗಳಲ್ಲಿ, 2013ರಲ್ಲಿ, ಯುಗೊಸ್ಲಾವ್ ಸೇನೆಯ ಮುಖ್ಯಸ್ಥರಾಗಿದ್ದ ಪೆರಿಶಿಚ್ ತೀರ್ಪು. 27 ವರ್ಷದ ಶಿಕ್ಷೆ ರದ್ದು. ನೆರವು ಕೊಟ್ಟವನು ಆ ನೆರವನ್ನು ಅಪರಾಧಕ್ಕೆಂದೇ ನಿರ್ದಿಷ್ಟವಾಗಿ ಕೊಟ್ಟನೆಂದು ತೋರಿಸಬೇಕು ಎಂಬ ಷರತ್ತನ್ನು ಬಹುಮತ ಎತ್ತಿ ಹಿಡಿಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಿಯೆರಾ ಲಿಯೋನ್ ವಿಶೇಷ ನ್ಯಾಯಾಲಯ ಲೈಬೀರಿಯಾದ ಮಾಜಿ ಅಧ್ಯಕ್ಷ ಚಾರ್ಲ್ಸ್ ಟೇಲರ್ ಪ್ರಕರಣದಲ್ಲಿ ಇದನ್ನು ಒಪ್ಪಲಿಲ್ಲ. 2014ರ ಜನವರಿಯಲ್ಲಿ ಯುಗೊಸ್ಲಾವಿಯಾ ನ್ಯಾಯಮಂಡಳಿಯದೇ ಇನ್ನೊಂದು ಮೇಲ್ಮನವಿ ಪೀಠ ಶಾಯಿನೊವಿಚ್ ಪ್ರಕರಣದಲ್ಲಿ ತಳ್ಳಿಹಾಕಿತು.

ಇದೇ ಮೆರಾನ್ 2004ರಲ್ಲಿ ಬೋಸ್ನಿಯಾದ ಸರ್ಬ್ ಜನರಲ್ ಕ್ರಿಸ್ಟಿಚ್‌ನ ಮೇಲ್ಮನವಿಯಲ್ಲಿ, ಬೋಸ್ನಿಯಾದ ಸ್ರೆಬ್ರೆನಿಚಾದಲ್ಲಿ ನಡೆದದ್ದು ಜನಾಂಗಹತ್ಯೆ ಎಂದು ಖಚಿತಪಡಿಸಿದ ಪೀಠದ ಅಧ್ಯಕ್ಷರೂ ಹೌದು. ಅಲ್ಲಿಯೂ ಕ್ರಿಸ್ಟಿಚ್‌ನ ಪಾತ್ರವನ್ನು ನೆರವಿನ ಮಟ್ಟಕ್ಕೆ ಇಳಿಸಿ 46 ವರ್ಷವನ್ನು 35 ಮಾಡಿದರು. ಮೂರನ್ನೂ ಒಟ್ಟಿಗೆ ಓದಿದರೆ ಒಂದು ಸೂತ್ರ ಕಾಣುತ್ತದೆ: ವ್ಯಕ್ತಿಯ ಹೊಣೆಗೆ ಅವರು ಕೇಳುವ ಸಾಕ್ಷ್ಯದ ಮಟ್ಟ ಎತ್ತರದ್ದು. ಅದನ್ನು ಒಪ್ಪುವುದೂ ಬಿಡುವುದೂ ಓದುಗರಿಗೆ ಬಿಟ್ಟದ್ದು. ಆದರೆ ತೀರ್ಪಿನ ಸಾರಾಂಶ ಓದಿ ಅಭಿಪ್ರಾಯ ಕಟ್ಟಿಕೊಳ್ಳಬೇಡಿ, ಭಿನ್ನ ತೀರ್ಪುಗಳನ್ನೂ ಕಡೆಯ ಪುಟದ ತನಕ ಓದಿ.

ಹುಬ್ಬಳ್ಳಿ_ಲಾ

ಮೂವರಿಗೂ ತುಂಬಾ ಧನ್ಯವಾದ. ಒಂದು ಉಪಪ್ರಶ್ನೆ. ಕೊನೆಯ ವರ್ಷದ ಪ್ರಬಂಧಕ್ಕೆ ವಿಷಯ ಆರಿಸಬೇಕು. 'ಡ್ರೋನ್ ಮತ್ತು ಮಾನವೀಯ ಕಾನೂನು' ಅಂತ ಯೋಚಿಸಿದ್ದೆ. ಇದು ಸರಿಯಾ? ರೂಢಿಗತ ನಿಯಮಕ್ಕೆ ಸಾಕ್ಷ್ಯ ಜೋಡಿಸೋದು ಅಂದ್ರೆ ನಿಜವಾಗಿ ಹೇಗೆ ಮಾಡಬೇಕು ಅಂತಲೂ ಯಾರಾದ್ರೂ ಹೇಳಿ.

ದಾಖಲೆ_ಕಪಾಟು

ಡ್ರೋನ್ ಬೇಡ. ವಿಷಯ ಕೆಟ್ಟದ್ದೆಂದಲ್ಲ. ದಾಳಿಯ ದಾಖಲೆ ನಿಮ್ಮ ಕೈಗೆ ಸಿಗುವುದಿಲ್ಲ, ಸಿಗುವ ಸುದ್ದಿ ವರದಿಗಳನ್ನೇ ಸಾವಿರಾರು ಮಂದಿ ಆಗಲೇ ಬಳಸಿದ್ದಾರೆ. ಭಾರತದಲ್ಲಿ ಕೂತವರಿಗೆ ದಾಖಲೆ ಎಟುಕುವ ವಿಷಯ ತೆಗೆದುಕೊಳ್ಳಿ.

1971ರ ಯುದ್ಧಕೈದಿಗಳ ವಿಷಯ ನೋಡಿ. ಡಿಸೆಂಬರ್ 16ರಂದು ಢಾಕಾದಲ್ಲಿ ಶರಣಾಗತಿ, ಭಾರತದ ವಶಕ್ಕೆ ಸುಮಾರು 93,000 ಮಂದಿ, ಅವರಲ್ಲಿ ನಾಗರಿಕರೂ ಇದ್ದರು. ಮೂರನೇ ಜಿನೀವಾ ಒಪ್ಪಂದದ 118ನೇ ವಿಧಿಯ ಪ್ರಕಾರ ಸಕ್ರಿಯ ಕಾಳಗ ನಿಂತ ಮೇಲೆ ಯುದ್ಧಕೈದಿಗಳನ್ನು ತಡಮಾಡದೆ ಬಿಡುಗಡೆ ಮಾಡಿ ಸ್ವದೇಶಕ್ಕೆ ಕಳಿಸಬೇಕು. ಆದರೆ 1972ರ ಜುಲೈ 2ರ ಸಿಮ್ಲಾ ಒಪ್ಪಂದದಲ್ಲೂ ಇದು ಇತ್ಯರ್ಥವಾಗಲಿಲ್ಲ. 1973ರ ಆಗಸ್ಟ್ 28ರ ದೆಹಲಿ ಒಪ್ಪಂದದ ನಂತರ ಅವರನ್ನು ಕಳಿಸುವ ಕೆಲಸ ಶುರುವಾಗಿ 1974ರಲ್ಲಿ ಮುಗಿಯಿತು. ಭಾರತದ ವಾದ: ಶರಣಾಗಿದ್ದು ಭಾರತ-ಬಾಂಗ್ಲಾ ಜಂಟಿ ಕಮಾಂಡಿಗೆ, ಹಾಗಾಗಿ ಬಾಂಗ್ಲಾದೇಶದ ಒಪ್ಪಿಗೆ ಇಲ್ಲದೆ ಬಿಡಲಾಗದು. ಪಾಕಿಸ್ತಾನ 1973ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು, ಡಿಸೆಂಬರಿನಲ್ಲಿ ಹಿಂದೆಗೆಯಿತು. 'ತಡಮಾಡದೆ' ಎಂಬ ಷರತ್ತಿಗೆ ರಾಷ್ಟ್ರಗಳು ನಡವಳಿಕೆಯಲ್ಲಿ ಎಷ್ಟು ಸಡಿಲ ಕೊಟ್ಟಿವೆ ಎಂಬ ಒಂದೇ ಪ್ರಶ್ನೆಯನ್ನು ಹಿಡಿಯಿರಿ. ಹೋಲಿಕೆಗೆ ಕೊರಿಯಾ ಮತ್ತು ಇರಾನ್-ಇರಾಕ್ ಯುದ್ಧಗಳಿವೆ.

ಕೆಲಸದ ವಿಧಾನ ಹೀಗೆ. ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ. ಪ್ರತಿ ಸಾಲಿಗೆ ಒಂದು ಕೃತ್ಯ ಅಥವಾ ಹೇಳಿಕೆ. ಕಾಲಂಗಳು: ದಿನಾಂಕ, ರಾಷ್ಟ್ರ, ಯಾವ ಅಂಗ ಮಾಡಿದ್ದು (ಸೇನೆ, ಸಂಸತ್ತು, ವಿದೇಶಾಂಗ, ನ್ಯಾಯಾಲಯ), ಏನು ಮಾಡಿತು, ಏನೆಂದು ಸಮರ್ಥಿಸಿಕೊಂಡಿತು, ಉಳಿದ ರಾಷ್ಟ್ರಗಳು ಏನೆಂದವು, ದಾಖಲೆಯ ಪುಟಸಂಖ್ಯೆ. ಮಾಡಿದ್ದನ್ನೂ ಹೇಳಿದ್ದನ್ನೂ ಒಂದೇ ಕಾಲಂನಲ್ಲಿ ಬೆರೆಸಬೇಡಿ. ನಡವಳಿಕೆ ಬೇರೆ, ಕಾನೂನೆಂಬ ನಂಬಿಕೆ ಬೇರೆ. 2018ರಲ್ಲಿ ಅಂತಾರಾಷ್ಟ್ರೀಯ ಕಾನೂನು ಆಯೋಗ ರೂಢಿಗತ ಕಾನೂನನ್ನು ಗುರುತಿಸುವ ಬಗ್ಗೆ 16 ನಿರ್ಣಯಗಳನ್ನು ಕೊಟ್ಟಿದೆ, ಅವನ್ನು ಪಕ್ಕದಲ್ಲಿಟ್ಟುಕೊಂಡೇ ತುಂಬಿಸಿ. ನಿಮ್ಮ ವಾದಕ್ಕೆ ವಿರುದ್ಧವಾದ ಸಾಲುಗಳಿಗೆ ಬೇರೆ ಬಣ್ಣ ಹಾಕಿ. ಆ ಬಣ್ಣ ಎಲ್ಲೂ ಕಾಣದಿದ್ದರೆ ಹುಡುಕಾಟ ಸಾಲದು ಎಂದರ್ಥ.

ಇಲ್ಲಿ ದೊಡ್ಡವರೂ ಎಡವಿದ್ದಾರೆ. ರೆಡ್‌ಕ್ರಾಸ್ ಸಮಿತಿ 2005ರಲ್ಲಿ ಪ್ರಕಟಿಸಿದ ರೂಢಿಗತ ಕಾನೂನಿನ ಅಧ್ಯಯನ (ಅದರ ಮಾರ್ಗದರ್ಶಕ ಮಂಡಳಿಯಲ್ಲಿ ಮೆರಾನ್ ಇದ್ದರು) 161 ನಿಯಮಗಳನ್ನು ಪಟ್ಟಿ ಮಾಡುತ್ತದೆ. ಮೊದಲ ಸಂಪುಟದಲ್ಲಿ ನಿಯಮಗಳು, ನಾಲ್ಕು ಸಾವಿರ ಪುಟ ದಾಟುವ ಎರಡನೆಯದರಲ್ಲಿ ರಾಷ್ಟ್ರಗಳ ನಡವಳಿಕೆ. ಸೇನಾ ಕೈಪಿಡಿಗಳಿಗೆ ಅತಿ ಭಾರ ಕೊಟ್ಟಿದ್ದೀರಿ, ಯುದ್ಧಭೂಮಿಯ ನಡವಳಿಕೆಗೆ ಕಡಿಮೆ ಕೊಟ್ಟಿದ್ದೀರಿ ಎಂದು ಅಮೆರಿಕ ಸರ್ಕಾರದ ವಕೀಲರು ಆಕ್ಷೇಪಿಸಿದರು. ಇನ್ನೊಂದು ಹಳೆಯ ತೊಡಕನ್ನು ಕಾನೂನು ವಿದ್ವಾಂಸ ರಿಚರ್ಡ್ ಬ್ಯಾಕ್ಸ್‌ಟರ್ ಗುರುತಿಸಿದ್ದರು: ಒಪ್ಪಂದಕ್ಕೆ ಎಲ್ಲ ರಾಷ್ಟ್ರಗಳೂ ಸೇರಿಬಿಟ್ಟರೆ, ಒಪ್ಪಂದದ ಹಂಗಿಲ್ಲದೆ ಅದೇ ನಿಯಮ ಪಾಲಿಸುವವರು ಯಾರೂ ಉಳಿಯುವುದಿಲ್ಲ, ರೂಢಿಯನ್ನು ಸಾಬೀತುಪಡಿಸುವುದು ಇನ್ನೂ ಕಷ್ಟ. 118ನೇ ವಿಧಿಗೂ ಇದು ಬಾಧಿಸುತ್ತದೆ, ಪ್ರಬಂಧದಲ್ಲಿ ಉತ್ತರ ಕೊಡಲೇಬೇಕು.

ದಾಖಲೆ ಎಲ್ಲಿ ಸಿಗುತ್ತವೆ ಅಂದರೆ: ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್ ಪೋರ್ಟಲಿನಲ್ಲಿ ವಿದೇಶಾಂಗ ಸಚಿವಾಲಯದ ಕಡತಗಳ ಸೂಚಿಯನ್ನು ಹುಡುಕಬಹುದು. 1972-73ರ ಲೋಕಸಭಾ ಚರ್ಚೆಗಳು ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿವೆ. ಅಂತಾರಾಷ್ಟ್ರೀಯ ನ್ಯಾಯಾಲಯದ ಜಾಲತಾಣದಲ್ಲಿ ಪಾಕಿಸ್ತಾನದ ಅರ್ಜಿ ಇದೆ. ಸಂಸತ್ತಿನ ಚರ್ಚೆಯಿಂದಲೇ ಶುರು ಮಾಡಿ. ಸರ್ಕಾರ ಯಾವ ವಿಧಿಯನ್ನು ಹೆಸರಿಸಿ ಮಾತಾಡಿತು, ಯಾವುದನ್ನು ಹೆಸರಿಸದೆ ತಪ್ಪಿಸಿಕೊಂಡಿತು ಎನ್ನುವುದು ಅಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಮಲ್ನಾಡ್_ವಕೀಲ

ಅದರ ಜೊತೆಗೆ ಸುಪ್ರೀಂ ಕೋರ್ಟಿನ ಮೊಂತೈರೊ ತೀರ್ಪನ್ನೂ ಓದಿ (1969ರ ಮಾರ್ಚ್, ಎಐಆರ್ 1970 ಎಸ್‌ಸಿ 329). ಗೋವಾ 1961ರ ಡಿಸೆಂಬರಿನಲ್ಲಿ ಭಾರತಕ್ಕೆ ಸೇರಿದ ಮೇಲೆ ಪೋರ್ಚುಗೀಸ್ ಪೌರತ್ವ ಉಳಿಸಿಕೊಂಡ ಪಾದ್ರಿಯೊಬ್ಬರು, ತಾನು ನಾಲ್ಕನೇ ಜಿನೀವಾ ಒಪ್ಪಂದದ ರಕ್ಷಣೆಗೆ ಒಳಪಟ್ಟವನು, 49ನೇ ವಿಧಿಯಂತೆ ತನ್ನನ್ನು ಹೊರಹಾಕುವಂತಿಲ್ಲ ಎಂದು ವಾದಿಸಿದ್ದರು. ನ್ಯಾಯಮೂರ್ತಿ ಹಿದಾಯತುಲ್ಲಾ 6ನೇ ಮತ್ತು 47ನೇ ವಿಧಿಗಳನ್ನು ಬಿಡಿಸಿ ನೋಡಿ, ಕಾಳಗ ನಡೆಯುತ್ತಿರುವಾಗಲೇ ಆಗುವ ಅವಸರದ ಸೇರ್ಪಡೆಯೇ ಬೇರೆ, ಪೂರ್ಣ ಸೇರ್ಪಡೆಯೇ ಬೇರೆ, ಎರಡನೆಯದರಲ್ಲಿ ಆಕ್ರಮಣದ ಸ್ಥಿತಿ ಮುಗಿಯುತ್ತದೆ ಎಂದು ತೀರ್ಮಾನಿಸಿದರು. 1960ರ ಕಾಯ್ದೆ ವ್ಯಕ್ತಿಗೆ ನೇರವಾಗಿ ಕೋರ್ಟಿಗೆ ಬರುವ ಹಕ್ಕು ಕೊಡುವುದಿಲ್ಲ ಎಂದೂ ಹೇಳಿದರು. ಆ ಕಾಯ್ದೆಯ 17ನೇ ಕಲಂ ಪ್ರಕಾರ ಅಪರಾಧದ ವಿಚಾರಣೆಗೂ ಸರ್ಕಾರದ ದೂರು ಬೇಕು.

ಮೆರಾನ್ ಟಿಪ್ಪಣಿಗೂ ಈ ತೀರ್ಪಿಗೂ ಎರಡು ವರ್ಷವೂ ಅಂತರವಿಲ್ಲ. ಇಬ್ಬರ ಮುಂದಿದ್ದದ್ದೂ ಅದೇ ಒಪ್ಪಂದ, ಅದೇ 49ನೇ ವಿಧಿ. ಅಲ್ಲಿ ಪ್ರಶ್ನೆ ಒಳಗೆ ಕರೆತರುವ ನಾಗರಿಕರದ್ದು, ಇಲ್ಲಿ ಹೊರಗೆ ಕಳಿಸುವ ನಾಗರಿಕನದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು, ಪ್ರತಿ ಹೆಜ್ಜೆಯಲ್ಲಿ ಯಾರು ಯಾವ ದಾಖಲೆಯನ್ನು ಆಧಾರವಾಗಿ ತೆಗೆದುಕೊಂಡರು ಎಂದು ಬರೆದುಕೊಳ್ಳಿ. ಪ್ರಬಂಧ ಶುರು ಮಾಡುವ ಮುಂಚೆ ಇದೊಂದು ಅಭ್ಯಾಸ ಮುಗಿಸಿ, ಸ್ಪ್ರೆಡ್‌ಶೀಟ್ ತುಂಬಿಸುವಾಗ ಯಾವ ಕಾಲಂಗೆ ಏನು ಹೋಗಬೇಕೆಂಬ ಗೊಂದಲ ಅರ್ಧ ಕಡಿಮೆಯಾಗುತ್ತದೆ.